ಬುಲೆಟಿನ್‌ನಲ್ಲಿ ಕಡಿಮೆ, ಮಸಣದಲ್ಲಿ ಜಾಸ್ತಿ: ಕೋವಿಡ್ ಸಾವನ್ನು ಎಣಿಸೋದು ಹೇಗೆ?

ನೀವು ಕೇಳಿರುವುದು: "ಬೇಲೂರು ಕಡೆಯವನು. 2021ರ ಮೇ ತಿಂಗಳಲ್ಲಿ ನಮ್ಮ ಸುತ್ತಮುತ್ತ ಸತ್ತವರಿಗೂ ಹಾಸನ ಜಿಲ್ಲೆಯ ಬುಲೆಟಿನ್‌ಗೂ ತಾಳೆಯೇ ಆಗಲಿಲ್ಲ. ಬೇರೆ ದೇಶಗಳಲ್ಲಿ ಹೇಗೆ ಎಣಿಸ್ತಾರೆ?"

ತಾಳೆಯಾಗೋದೂ ಇಲ್ಲ. ಆರೋಗ್ಯ ಇಲಾಖೆ ದಿನಾ ಹೊರಡಿಸುತ್ತಿದ್ದ ಬುಲೆಟಿನ್ ಒಂದು ಖಾತೆ, ಜನನ ಮರಣ ನೋಂದಣಿ ಇನ್ನೊಂದು. ಬರೆಯುವ ಕೈ ಬೇರೆ, ನಿಯಮ ಬೇರೆ.

ಬುಲೆಟಿನ್ ಹತ್ತಬೇಕಾದರೆ ಪಾಸಿಟಿವ್ ವರದಿ ಇರಬೇಕಿತ್ತು. ಜ್ವರ ಬಂದು, ಟೆಸ್ಟ್ ಮಾಡಿಸದೆ ಮನೆಯಲ್ಲೇ ತೀರಿಕೊಂಡವರು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಈ ನಿಯಮವೂ ದೇಶಕ್ಕೊಂದು ಥರ. ಇಂಗ್ಲೆಂಡಿನಲ್ಲಿ ಮೊದಮೊದಲು ಪಾಸಿಟಿವ್ ಆದವರು ಯಾವಾಗ ಸತ್ತರೂ, ಯಾವ ಕಾರಣಕ್ಕೆ ಸತ್ತರೂ ಲೆಕ್ಕಕ್ಕೆ ಬರುತ್ತಿತ್ತು. 2020ರ ಆಗಸ್ಟ್‌ನಲ್ಲಿ 28 ದಿನಗಳ ಗಡಿ ಹಾಕಿದರು. ಒಂದೇ ಏಟಿಗೆ ಐದು ಸಾವಿರಕ್ಕೂ ಹೆಚ್ಚು ಸಾವು ಪಟ್ಟಿಯಿಂದ ಇಳಿಯಿತು. ಬೆಲ್ಜಿಯಂ ವೃದ್ಧಾಶ್ರಮಗಳಲ್ಲಿ ಟೆಸ್ಟ್ ಇಲ್ಲದೆ ಶಂಕೆಯ ಮೇಲೆ ಕೋವಿಡ್ ಎಂದವರನ್ನೂ ಎಣಿಸಿತು, ಯುರೋಪಿನಲ್ಲೇ ಕೆಟ್ಟ ಹೆಸರು ಹೊತ್ತಿತು. ನನ್ನ ಕೇಳಿದರೆ ಅದರಲ್ಲಿ ಅರ್ಧ ಪ್ರಾಮಾಣಿಕತೆಗೆ ತೆತ್ತ ದಂಡ. ನಮ್ಮಲ್ಲಿ 2021ರ ಸೆಪ್ಟೆಂಬರ್ ಮಾರ್ಗಸೂಚಿಯ ಪ್ರಕಾರ ಟೆಸ್ಟ್ ಆದ 30 ದಿನದೊಳಗೆ ಸತ್ತರೆ, ಆಸ್ಪತ್ರೆಯ ಹೊರಗಾದರೂ ಸರಿ, ಅದು ಕೋವಿಡ್ ಸಾವು. ದಾಖಲಾದವರು ಮನೆಗೆ ಹೋಗದೆ 30 ದಿನ ದಾಟಿದ ಮೇಲೆ ಸತ್ತರೂ ಅಷ್ಟೇ. ಅಪಘಾತ, ಕೊಲೆ, ವಿಷ ಇವುಗಳನ್ನು ಬಿಟ್ಟರು.

ಎರಡನೇ ಖಾತೆಯ, ಅಂದರೆ ನೋಂದಣಿಯ, ಜೀವಾಳ ಸಾವಿನ ಕಾರಣ ತಿಳಿಸಲು ಆಸ್ಪತ್ರೆಯ ವೈದ್ಯರು ತುಂಬುವ ನಮೂನೆ 4. ಎಡವಟ್ಟು ಹೆಚ್ಚಾಗಿ ಆಗೋದು ಇಲ್ಲೇ. ಅದರ ಮೊದಲ ಭಾಗದಲ್ಲಿ ಎ, ಬಿ, ಸಿ ಅಂತ ಮೂರು ಸಾಲು: ಮೇಲೆ ಸಾವಿನ ನೇರ ಕಾರಣ, ಕೆಳಗೆ ಕೆಳಗೆ ಅದಕ್ಕೆ ದಾರಿ ಮಾಡಿದ್ದು, ಪ್ರತಿಯೊಂದೂ ಎಷ್ಟು ದಿನದಿಂದ ಇತ್ತು ಅನ್ನೋದು. ಸರಿಯಾಗಿ ತುಂಬಿದರೆ ಹೀಗಿರುತ್ತೆ: ಎ ಸಾಲಿನಲ್ಲಿ ತೀವ್ರ ಉಸಿರಾಟದ ವೈಫಲ್ಯ, 2 ದಿನ, ಬಿ ಸಾಲಿನಲ್ಲಿ ನ್ಯುಮೋನಿಯಾ, 8 ದಿನ, ಸಿ ಸಾಲಿನಲ್ಲಿ ಕೋವಿಡ್, 12 ದಿನ. ಜೊತೆಗಿದ್ದ ಬೇರೆ ಕಾಯಿಲೆ ಬರೆಯುವ ಎರಡನೇ ಭಾಗದಲ್ಲಿ ಸಕ್ಕರೆ ಕಾಯಿಲೆ, 10 ವರ್ಷ. ಲೆಕ್ಕಕ್ಕೆ ಹೋಗೋದು ಮೊದಲ ಭಾಗದ ಕಟ್ಟಕಡೆಯ ಸಾಲು. ಎಲ್ಲ ಶುರುವಾದದ್ದು ಅಲ್ಲಿಂದ ಅಂತ ಅರ್ಥ. ಅದೇ ವೈದ್ಯರು ಸಕ್ಕರೆ ಕಾಯಿಲೆಯನ್ನು ಸಿ ಸಾಲಿಗೂ ಕೋವಿಡನ್ನು ಎರಡನೇ ಭಾಗಕ್ಕೂ ಬರೆದರೆ ಆ ಸಾವು ಸಕ್ಕರೆ ಕಾಯಿಲೆಯ ಪಾಲು. ಬರೀ "ಹೃದಯ ಸ್ತಂಭನ" ಅಂತ ಬರೆದರಂತೂ ಏನೂ ಬರೆಯದಂತೆಯೇ. ಯಾರು ಸತ್ತರೂ ಹೃದಯ ನಿಂತೇ ನಿಲ್ಲುತ್ತಲ್ಲ! ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಸಂಕೇತ ಹಾಕ್ತಾರೆ: ಟೆಸ್ಟ್‌ನಲ್ಲಿ ಖಚಿತವಾಗಿದ್ದರೆ ಯು07.1, ಲಕ್ಷಣ ನೋಡಿ ಹೇಳಿದ್ದಾದರೆ ಯು07.2. ಎರಡನೆಯದನ್ನು ಪಟ್ಟಿಗೆ ಸೇರಿಸೋದು ಬಿಡೋದು ಆಯಾ ದೇಶಕ್ಕೆ ಬಿಟ್ಟದ್ದು.

2020ರಲ್ಲಿ ಭಾರತದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ 22.5ಕ್ಕೆ ಮಾತ್ರ. ಉಳಿದವು "ಸತ್ತರು" ಅನ್ನೋವರೆಗೆ ಗೊತ್ತು, ಯಾಕೆ ಅನ್ನೋದು ಗೊತ್ತಿಲ್ಲ. ಇನ್ನೊಂದು, ಕಚೇರಿಯಲ್ಲಿ ಕೊಡುವ ಮರಣ ಪ್ರಮಾಣಪತ್ರದಲ್ಲಿ ಕಾರಣ ಹುಡುಕಬೇಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮು ಅದನ್ನು ತೋರಿಸಬಾರದು ಅನ್ನುತ್ತೆ.

ನೋಂದಣಿ ಸಾವು ಸಂಭವಿಸಿದ ಊರಲ್ಲಿ ಆಗುತ್ತೆ. ಸಕಲೇಶಪುರದವರು, ಮೂಡಿಗೆರೆಯವರು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ನೋಂದಣಿ ಅಲ್ಲಿ, ಮಣ್ಣು ಇಲ್ಲಿ.

ಹೀಗಾಗಿ ಮೂರನೇ ದಾರಿ: ಕಾರಣ ಕೇಳಲೇಬೇಡಿ, ಎಲ್ಲ ಸಾವನ್ನೂ ಎಣಿಸಿ. ಹಿಂದಿನ ಐದು ವರ್ಷದ ಅದೇ ತಿಂಗಳ ಸರಾಸರಿ ಕಳೆಯಿರಿ. ಉಳಿದದ್ದು ಹೆಚ್ಚುವರಿ ಸಾವು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಸತ್ತ ಹೃದ್ರೋಗಿಯೂ ಇದರೊಳಗೆ ಬರ್ತಾರೆ. ಲಾಕ್‌ಡೌನ್‌ನಲ್ಲಿ ತಪ್ಪಿದ ರಸ್ತೆ ಅಪಘಾತ ಅದರಿಂದ ಕಳೆದುಹೋಗುತ್ತೆ. ದೇಶ ದೇಶಗಳನ್ನು ಹೋಲಿಸಲು ನಾನು ನಂಬೋದು ಇದೊಂದನ್ನೇ. ಪೆರು ತನ್ನ ಲೆಕ್ಕವನ್ನು ಪರಿಶೀಲಿಸಿ 2021ರ ಮೇ 31ರಂದು 69 ಸಾವಿರದಷ್ಟಿದ್ದ ಕೋವಿಡ್ ಸಾವಿನ ಸಂಖ್ಯೆಯನ್ನು 1.8 ಲಕ್ಷಕ್ಕೆ ಏರಿಸಿತು. ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ 2020 ಮತ್ತು 2021 ಸೇರಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು ಅಂತ ಅಂದಾಜಿಸಿತು; ಸರ್ಕಾರದ ಲೆಕ್ಕದಲ್ಲಿ ಕೋವಿಡ್ ಸಾವು ಸುಮಾರು 4.8 ಲಕ್ಷ, ಆ ಅಂದಾಜಿನ ವಿಧಾನವನ್ನೇ ಸರ್ಕಾರ ಒಪ್ಪಲಿಲ್ಲ. ನೋಂದಣಿಯಲ್ಲಿ ನೋಡಿದರೆ 2020ರಲ್ಲಿ 81 ಲಕ್ಷ ಸಾವು, 2021ರಲ್ಲಿ 1.02 ಕೋಟಿ. ಈ ಏರಿಕೆಯಷ್ಟನ್ನೂ ಕೋವಿಡ್ ತಲೆಗೆ ಕಟ್ಟುವಂತಿಲ್ಲ, ನೋಂದಣಿ ಮಾಡಿಸುವವರೇ ವರ್ಷ ವರ್ಷ ಹೆಚ್ಚುತ್ತಿದ್ದಾರೆ.

ಬೇಲೂರಿನದ್ದು ನೀವೇ ನೋಡಬೇಕೆಂದರೆ ಹಾಸನದ ಜಿಲ್ಲಾ ಸಂಖ್ಯಾಸಂಗ್ರಹಣಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 2015ರಿಂದ 2019ರವರೆಗಿನ, ಜೊತೆಗೆ 2021ರ, ತಿಂಗಳವಾರು ಸಾವಿನ ಸಂಖ್ಯೆ ಕೇಳಿ. "ನೋಂದಣಿ ದಿನಾಂಕವಲ್ಲ, ಸತ್ತ ದಿನಾಂಕದ ಪ್ರಕಾರ" ಅಂತ ಒತ್ತಿ ಬರೆಯಿರಿ, ಇಲ್ಲದಿದ್ದರೆ ಲಾಕ್‌ಡೌನ್‌ನಲ್ಲಿ ಕಚೇರಿಗೆ ಹೋಗಲಾಗದೆ ತಡವಾಗಿ ಬರೆಸಿದ ಮೇ ತಿಂಗಳ ಸಾವು ಜುಲೈನಲ್ಲಿ ಕೂತಿರುತ್ತೆ. ಒಂದು ತಾಲ್ಲೂಕಲ್ಲಿ ತಿಂಗಳಿಗೆ ನೂರು ಸಾವಿದ್ದರೆ ಹದಿನೈದು ಇಪ್ಪತ್ತರ ಏರಿಳಿತ ತಾನಾಗಿಯೇ ಇರುತ್ತೆ, ಅಷ್ಟಕ್ಕೆ ಏನೂ ತೀರ್ಮಾನಿಸಬೇಡಿ. ಇನ್ನೂರಕ್ಕೆ ಹೋಗಿದ್ದರೆ ಅದು ಬೇರೆ ಮಾತು.