20 ಸಾವಿರದಲ್ಲಿ ಭಜನೆ ಹಾಲ್‌ಗೆ ಸ್ಪೀಕರ್
ನಮಸ್ಕಾರ. 150 ಜನ ಕೂರುವ ಭಜನೆ ಹಾಲ್, ಕೈಯಲ್ಲಿರೋದು 20 ಸಾವಿರ, ಬಾಕ್ಸ್ ನಾವೇ ಮಾಡಿಸೋದಾ ಅಥವಾ ಕೊಳ್ಳೋದಾ ಅಂತ ಕೇಳಿದ್ದೀರಿ. ನಾನಾದರೆ ಸೆಕೆಂಡ್ ಹ್ಯಾಂಡ್ ಜೋಡಿ ಕೊಳ್ಳುತ್ತೇನೆ. ಬಡಗಿ ಕೂಲಿ, 18 ಎಂಎಂ ಪ್ಲೈವುಡ್, ಹಾರ್ನ್ (ತೆಳು ಸ್ವರ ಹೊರಡಿಸುವ ಭಾಗ), ಕ್ರಾಸ್‌ಓವರ್ (ದಪ್ಪ, ತೆಳು ಸ್ವರ ಬೇರ್ಪಡಿಸುವ ಸರ್ಕ್ಯೂಟ್) ಎಲ್ಲ ಸೇರಿದರೆ ಉಳಿತಾಯ ಅಷ್ಟಕ್ಕಷ್ಟೇ. ನಾನೊಮ್ಮೆ ಮಾಡಿಸಿದ್ದೆ. ಡ್ರೈವರ್‌ಗೆ, ಅಂದರೆ ಬಾಕ್ಸ್‌ನಲ್ಲಿ ಕೂರಿಸಿ ಸದ್ದು ಹೊರಡಿಸುವ ಭಾಗಕ್ಕೆ, ಒಳಗೆ ಎಷ್ಟು ಲೀಟರ್ ಜಾಗ ಬೇಕು ಅಂತ ಲೆಕ್ಕ ಹಾಕದೆ ಅಳತೆ ಕೊಟ್ಟಿದ್ದೆ. ತಬಲಾ ನುಡಿಸಿದರೆ ಡಬ್ಬ ಬಡಿದ ಹಾಗೆ ಕೇಳುತ್ತಿತ್ತು!

ವ್ಯಾಟ್ ನೋಡಿ ಸುಮ್ನೆ ಮರುಳಾಗಬೇಡಿ. ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟರೆ ಎಷ್ಟು ಜೋರು ಸದ್ದು ಬರುತ್ತೆ, ಅದು ಎಷ್ಟು ಅಂತ ಕೇಳಿ. 100 ವ್ಯಾಟ್ ಬದಲು 200 ಕೊಟ್ಟರೂ ಜಾಸ್ತಿಯಾಗುವುದು 3 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಮಾತ್ರ. 94 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್ ಬದಲು 97ರದ್ದು ತಂದರೂ ಅಷ್ಟೇ ಲಾಭ, ಇರುವ ಆಂಪ್ಲಿಫೈಯರ್ ಸಾಕು.

ಹಳೆಯದು ನೋಡುವಾಗ ಕೋನ್ (ಡ್ರೈವರ್‌ನ ಮುಂದೆ ಕಾಣುವ, ಅದುರುವ ಭಾಗ) ಅನ್ನು ಎರಡೂ ಕೈಬೆರಳಿಂದ ಸಮವಾಗಿ, ಮೆಲ್ಲಗೆ ಒತ್ತಿ. ಕರಕರ ಅಂದರೆ ಒಳಗಿನ ತಂತಿ ಸುರುಳಿ (ಕಾಯಿಲ್) ಉಜ್ಜುತ್ತಿದೆ, ಬಿಟ್ಟುಬಿಡಿ. ಓಮ್ (ವಿದ್ಯುತ್ ತಡೆ) ಅಳೆಯೋಕೆ ಮಲ್ಟಿಮೀಟರ್ ಒಯ್ಯಿರಿ. 8 ಓಮ್ ಡ್ರೈವರ್ ಸುಮಾರು 6 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ ಅಂತ ಅರ್ಥ.

ಸ್ಟ್ಯಾಂಡ್‌ಗೂ ಸ್ವಲ್ಪ ದುಡ್ಡು ಇಟ್ಟುಕೊಳ್ಳಿ. ಸ್ಪೀಕರ್ ಜನರ ತಲೆಗಿಂತ ಮೇಲಿರಲಿ, ಮೈಕ್ ಅದರ ಹಿಂದಿರಲಿ. ಇಲ್ಲದಿದ್ದರೆ ಭಜನೆಗಿಂತ ಕೀರಲು ಸದ್ದೇ ಜಾಸ್ತಿ. ಹಾಲ್‌ನ ಉದ್ದ ಎಷ್ಟಿದೆ?