ಹಿಂದಿನ ಮೆಟ್ಟಿಲಿನಿಂದ ಬರುವ ಅತಿಥಿಗಳು

ಈ ಪತ್ರವನ್ನು ಮೊದಲ ಸಲ ಮರುಕದಿಂದ ಓದಿದೆ. ಪೆನ್ಸಿಲ್ ಹಿಡಿದು ಎರಡನೆಯ ಸಲ ಓದುವಾಗ ಮರುಕ ಸರಿದು ಸಿಟ್ಟು ಬಂತು. ಆದರೆ ಪತ್ರದಲ್ಲಿ ಯಾರನ್ನು ದೂರಿದ್ದಾರೋ ಅವರ ಮೇಲೆ ಬರಲಿಲ್ಲ. ಬರೆದವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ 34 ವರ್ಷದ ಮಹಿಳೆ. ತಮ್ಮ ಹೆಸರಾಗಲಿ ಪಬ್ಬಿನ ಹೆಸರಾಗಲಿ ಬೇಡವೆಂದು ಕೇಳಿಕೊಂಡಿದ್ದಾರೆ, ಹಾಗೆಯೇ ಆಗಲಿ.

ಸಂಗತಿ ಇಷ್ಟು. ಎರಡು ವರ್ಷಗಳಿಂದ ಇವರು ಕಾಲೇಜಿನ ಗೆಳೆಯನೊಬ್ಬನ ಪಾಲುದಾರಿಕೆಯಲ್ಲಿ, ತಿಂಗಳಿಗೊಂದು ಗುರುವಾರ ರಾತ್ರಿ, ದಪ್ಪ ಮೈಯವರಿಗಾಗಿ ಕುಣಿತದ ಕೂಟ ನಡೆಸುತ್ತಿದ್ದಾರೆ. ಪೋಸ್ಟರಿನಲ್ಲಿ ‘ಪ್ಲಸ್ ಸೈಜ್ ನೈಟ್’ ಎಂದಿರುತ್ತದೆ. ಹಾಲಿನ ಬಾಡಿಗೆಯಲ್ಲದೆ ಪಬ್ಬಿಗೆ ಆ ರಾತ್ರಿ ಕನಿಷ್ಠ 60,000 ರೂಪಾಯಿಯ ವ್ಯಾಪಾರವೂ ಆಗಬೇಕು. ಕಡಿಮೆ ಬಿದ್ದದ್ದನ್ನು ಇವರು ಕೈಯಿಂದ ಕಟ್ಟಬೇಕು. ಮೇ ತಿಂಗಳವರೆಗೆ ಎಂಬತ್ತರ ಆಸುಪಾಸಿನಲ್ಲಿದ್ದ ಬರುವವರ ಸಂಖ್ಯೆ ಜೂನ್‌ನಲ್ಲಿ 61, ಆಮೇಲೆ 47, 38, ಕಳೆದ ತಿಂಗಳು 34. ಮೂರು ತಿಂಗಳಲ್ಲಿ ತಮ್ಮ ಸಂಬಳದಿಂದ 60,000 ರೂಪಾಯಿ ಹಾಕಿದ್ದಾರೆ. ದಪ್ಪಗಿನ ಹೆಂಗಸರನ್ನು ಇಷ್ಟಪಡುವ ಗಂಡಸರು ಬಹಳ ಮಂದಿ ಟಿಕೆಟ್ ಕೇಳುತ್ತಿದ್ದಾರೆ, ತಲೆಗೆ 1,500ರಂತೆ ಅವರಿಗೆ ಸ್ಟ್ಯಾಗ್ ಎಂಟ್ರಿ, ಅಂದರೆ ಜೊತೆಗೆ ಹೆಂಗಸಿಲ್ಲದೆ ಒಂಟಿಯಾಗಿ ಬರುವ ಗಂಡಸರಿಗೆ ಪ್ರವೇಶ, ಕೊಟ್ಟರೆ ನಷ್ಟ ತುಂಬಿಕೊಳ್ಳುತ್ತದೆ ಎಂಬುದು ಗೆಳೆಯನ ಸಲಹೆ. ಒಮ್ಮೆ ಹತ್ತು ಮಂದಿಯನ್ನು ಒಳಗೆ ಬಿಟ್ಟು ನೋಡಿದ್ದೂ ಆಗಿದೆ. ಅವರು ಕುಣಿಯದೆ, ಗೋಡೆಗೆ ಒರಗಿ ನಿಂತು ನೋಡುತ್ತಿದ್ದ ರೀತಿಗೆ ಇಬ್ಬರು ಹೆಂಗಸರು ಊಟ ಅರ್ಧಕ್ಕೇ ಬಿಟ್ಟು ಹೊರಟುಹೋದರಂತೆ. ಕೂಟವನ್ನು ನಿಲ್ಲಿಸಲೇ, ಇಲ್ಲವೇ ಗಂಡಸರಿಗೆ ಬಾಗಿಲು ತೆರೆಯಲೇ ಎಂದು ಕೇಳಿದ್ದಾರೆ.

ಪತ್ರದ ಹೆಚ್ಚಿನ ಭಾಗವನ್ನು ತಾಯಿಯವರು ಆಕ್ರಮಿಸಿಕೊಂಡಿದ್ದಾರೆ. ‘ಮೊದಲು ಸಣ್ಣಗಾಗು, ಆಮೇಲೆ ಕುಣಿ’ ಎಂದು ಅವರು ಹೇಳುವ ಮಾತು ನಿಮ್ಮನ್ನು ಚುಚ್ಚುತ್ತದೆ, ಒಪ್ಪುತ್ತೇನೆ. ಆದರೆ ಅದು ಇಪ್ಪತ್ತು ವರ್ಷದ ಹಳೆಯ ಗಾಯ, ಈ ನಷ್ಟಕ್ಕೂ ಅದಕ್ಕೂ ಸಂಬಂಧವಿಲ್ಲ, ಮತ್ತು ಆ ತಾಯಿ ಒಮ್ಮೆಯೂ ನಿಮ್ಮ ಕೂಟದ ಲೆಕ್ಕಪತ್ರಕ್ಕೆ ಕೈ ಹಾಕಿದವರಲ್ಲ. ಅವರನ್ನು ಇಲ್ಲಿಗೆ ಬಿಟ್ಟುಬಿಡೋಣ.

ನನ್ನ ಪೆನ್ಸಿಲ್ ನಿಂತದ್ದು ನಾಲ್ಕನೆಯ ಪುಟದಲ್ಲಿ, ನೀವು ಆವರಣ ಚಿಹ್ನೆಯೊಳಗೆ ಬರೆದ ಒಂದು ವಾಕ್ಯದ ಕೆಳಗೆ. ಜೂನ್‌ನಿಂದ ನಿಮ್ಮನ್ನು ಕೆಳಗಿನ ಹಾಲಿನಿಂದ ಮೂರನೆಯ ಮಹಡಿಯ ಟೆರೇಸಿಗೆ ಕಳಿಸಿದ್ದಾರೆ, ಅಲ್ಲಿಗೆ ಅಡುಗೆಮನೆಯ ಹಿಂದಿನ ಮೆಟ್ಟಿಲಿನಿಂದ ಹೋಗಬೇಕು, ‘ಅದೇನು ದೊಡ್ಡ ವಿಷಯವಲ್ಲ, ಅದಕ್ಕಾಗಿ ಬಾಡಿಗೆಯಲ್ಲಿ 8,000 ಕಡಿಮೆ ಮಾಡಿದ್ದಾರೆ’ ಎಂದಿದ್ದೀರಿ. ಮುಂದಿನ ಪುಟದಲ್ಲಿ, ಬೇರೆ ಯಾವುದನ್ನೋ ಹೇಳುತ್ತಾ, ಆ ಕಬ್ಬಿಣದ ಮೆಟ್ಟಿಲಿನ ಎರಡನೆಯ ತಿರುವಿನಲ್ಲಿ ಗ್ಯಾಸ್ ಸಿಲಿಂಡರುಗಳೂ ಈರುಳ್ಳಿ ಮೂಟೆಗಳೂ ಇರುವುದರಿಂದ ಅಡ್ಡಕ್ಕೆ ತಿರುಗಿ ದಾಟಬೇಕೆಂದು ಬರೆದಿದ್ದೀರಿ. ಹೊಸ ಉಡುಪು ಹೊಲಿಸಿಕೊಂಡು ಬಂದ ಒಬ್ಬಾಕೆ ಆ ತಿರುವಿನಲ್ಲೇ ಕುಳಿತು, ಸುಧಾರಿಸಿಕೊಂಡು, ‘ಮನೆಯಿಂದ ಫೋನ್ ಬಂತು’ ಎಂದು ಹೇಳಿ ಕೆಳಗಿಳಿದು ಹೋದರೆಂದೂ, ಮತ್ತೆ ಬರಲಿಲ್ಲವೆಂದೂ ಬರೆದಿದ್ದೀರಿ. ಇಷ್ಟೆಲ್ಲ ಬರೆದವರಿಗೆ ಸಂಖ್ಯೆ ಬಿದ್ದದ್ದು ಜೂನ್‌ನಿಂದಲೇ ಎಂಬುದು ಕಾಣಲಿಲ್ಲವೆಂದರೆ, ಅಮ್ಮಾ, ಹಿಂಬಾಗಿಲಿನಿಂದ ಬರುವುದು ನಿಮಗೆ ಎಷ್ಟು ಅಭ್ಯಾಸವಾಗಿ ಹೋಗಿದೆ ಎಂದು ನನಗೆ ಸಂಕಟವಾಗುತ್ತದೆ.

ಈ ಅಂಕಣವನ್ನು ಹಿಂದಿನಿಂದ ಓದುತ್ತಿರುವವರಿಗೆ ಕುರ್ಚಿಯ ಬಗ್ಗೆ ನನಗಿರುವ ಹುಚ್ಚು ಗೊತ್ತಿದೆ. ಒಂದು ಜಾಗದಲ್ಲಿ ನಮಗೆ ಮರ್ಯಾದೆ ಇದೆಯೋ ಇಲ್ಲವೋ ಎಂಬುದನ್ನು ಅಲ್ಲಿನ ಕುರ್ಚಿಯೇ ಹೇಳುತ್ತದೆ ಎಂದು ನಂಬಿದವಳು ನಾನು. ನನ್ನ ಸೋದರತ್ತೆ ಬಹಳ ದಪ್ಪಗಿದ್ದರು. ಕಲ್ಯಾಣ ಮಂಟಪಗಳಲ್ಲಿ ಊಟದ ಮೇಜಿಗೇ ಕಬ್ಬಿಣದ ಕೊಳವೆಯಿಂದ ಬೆಸೆದ ಗುಂಡು ಆಸನಗಳು ಬಂದ ಕಾಲ ಅದು. ಮೇಜಿಗೂ ಆಸನಕ್ಕೂ ನಡುವಿನ ಅಂತರವನ್ನು ಯಾರೋ ಒಬ್ಬ ಒಣಕಲ ಮನುಷ್ಯ ಅಳೆದಿದ್ದ. ಅತ್ತೆ ಪ್ರತಿ ಮದುವೆಯಲ್ಲೂ ‘ನನಗೆ ಹಸಿವಿಲ್ಲ, ನೀವು ಕೂತುಕೊಳ್ಳಿ’ ಎನ್ನುತ್ತಿದ್ದರು. ಕಡೆಯ ಪಂಕ್ತಿಯೂ ಎದ್ದ ಮೇಲೆ ಅಡುಗೆಯವರ ಮಣೆಯ ಮೇಲೆ ಕುಳಿತು ಉಣ್ಣುತ್ತಿದ್ದರು. ಹನ್ನೆರಡು ವರ್ಷದವಳಾಗಿದ್ದಾಗ ನಾನು ಅವರನ್ನು ಬಹಳ ಸಂಕೋಚದವರೆಂದು ತಿಳಿದಿದ್ದೆ. ನಿಮ್ಮ ಅತಿಥಿಯ ‘ಫೋನ್ ಬಂತು’ ಕೂಡ ಅದೇ ಜಾತಿಯ ಮಾತು.

ಈಗ ನಿಮ್ಮ ಗೆಳೆಯನ ವಿಷಯ. ಪಬ್ಬಿನ ಮ್ಯಾನೇಜರನ ಮೇಲೆ ನನಗೆ ಹೆಚ್ಚು ಸಿಟ್ಟಿಲ್ಲ, ಆತ ವ್ಯಾಪಾರಿ. ಕೆಳಗಿನ ಗಿರಾಕಿಗಳ ಕಣ್ಣಿಗೆ ನಿಮ್ಮವರು ಬೀಳದಿರಲಿ ಎಂದು ಅವನಿಗೆ ತೋಚಿತು, ಕೇಳಿದ, ಸಿಕ್ಕಿತು. ಕೊಟ್ಟವನು ಯಾರು? ನೀವು ಕಚೇರಿಯ ಕೆಲಸದ ಮೇಲೆ ಪುಣೆಗೆ ಹೋಗಿದ್ದ ವಾರದಲ್ಲಿ ಆ ಮಾತುಕತೆ ಮುಗಿಸಿದವನು ನಿಮ್ಮ ಪಾಲುದಾರ. ನಾಲ್ಕು ತಿಂಗಳಲ್ಲಿ 32,000 ಉಳಿಸಿಕೊಟ್ಟೆ ಎಂದು ಅವನ ಲೆಕ್ಕದಲ್ಲಿರಬಹುದು. ಅದೇ ಅವಧಿಯ ಮೂರು ತಿಂಗಳಲ್ಲೇ ನಿಮ್ಮ ಜೇಬಿನಿಂದ ಹೋದದ್ದು 60,000. ಅವನು ತೆಳ್ಳಗಿದ್ದಾನೆ, ಮೂರು ಮಹಡಿ ಓಡಿಕೊಂಡು ಹತ್ತುತ್ತಾನೆ ಎಂದು ನೀವೇ ಮೆಚ್ಚುಗೆಯಿಂದ ಬರೆದಿದ್ದೀರಿ. ತೆಳ್ಳಗಿರುವುದು ತಪ್ಪಲ್ಲ. ಯಾರ ಹೆಸರಿನಲ್ಲಿ ಟಿಕೆಟ್ ಮಾರುತ್ತಿದ್ದಾನೋ ಅವರಲ್ಲಿ ಒಬ್ಬರನ್ನಾದರೂ ಆ ಮೆಟ್ಟಿಲು ಹತ್ತಿಸಿ ನೋಡದೆ ಒಪ್ಪಿಕೊಂಡದ್ದು ತಪ್ಪು, ಮತ್ತು ಆ ತಪ್ಪಿನಿಂದಾದ ನಷ್ಟವನ್ನು ಗೋಡೆಗೆ ಒರಗಿ ನಿಲ್ಲುವ ಗಂಡಸರಿಂದ ವಸೂಲಿ ಮಾಡೋಣ ಎನ್ನುವುದು ಇನ್ನೂ ದೊಡ್ಡ ತಪ್ಪು.

ಟೆರೇಸ್ ಎಂದಮೇಲೆ ಇನ್ನೊಂದು ಮಾತು. ಹತ್ತು ಗಂಟೆಗೆ ಸಂಗೀತ ನಿಲ್ಲಿಸುತ್ತಾರೆಂದು ದೂರಿದ್ದೀರಿ. ನಿಲ್ಲಿಸಲೇಬೇಕು; 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ಮುಚ್ಚಿದ ಹಾಲುಗಳಿಗೆ ವಿನಾಯಿತಿಯಿದೆ. ಅಂದರೆ ಎಂಟೂವರೆಗೆ ಶುರುವಾಗುವ ನಿಮ್ಮ ಕೂಟದಲ್ಲಿ ಕುಣಿತಕ್ಕೆ ಉಳಿಯುವುದು ಒಂದೂವರೆ ಗಂಟೆ, ಅದರಲ್ಲಿ ಮೆಟ್ಟಿಲು ಹತ್ತಿದ ಏದುಸಿರು ಇಳಿಯಲು ಹದಿನೈದು ನಿಮಿಷ. ಇನ್ನು ಬೆಂಕಿಯ ವಿಷಯವನ್ನು ಹೇಳಿ ನಿಮ್ಮನ್ನು ಹೆದರಿಸಬಾರದೆಂದುಕೊಂಡಿದ್ದೆ, ಆದರೆ ಆ ಸಿಲಿಂಡರುಗಳು ನನ್ನ ಕಣ್ಣಿಂದ ಹೋಗುತ್ತಿಲ್ಲ. 2017ರ ಡಿಸೆಂಬರ್ 29ರ ನಡುರಾತ್ರಿ ಮುಂಬೈನ ಕಮಲಾ ಮಿಲ್ಸ್ ಆವರಣದ ಮಾಳಿಗೆ ಪಬ್ಬಿಗೆ ಬೆಂಕಿ ಬಿದ್ದಾಗ 14 ಜನ ಸತ್ತರು. ಇಳಿದು ಹೋಗಲಾಗದೆ ಶೌಚಾಲಯದಲ್ಲಿ ಸೇರಿಕೊಂಡು ಉಸಿರುಗಟ್ಟಿದವರೇ ಅವರಲ್ಲಿ ಹಲವರು. ಅಡ್ಡಕ್ಕೆ ತಿರುಗಿ ಒಬ್ಬೊಬ್ಬರಾಗಿ ದಾಟಬೇಕಾದ ತಿರುವಿನಲ್ಲಿ ಎಂಬತ್ತು ಜನ ಒಟ್ಟಿಗೆ ಇಳಿಯುವುದನ್ನು ಒಮ್ಮೆ ಕಲ್ಪಿಸಿಕೊಳ್ಳಿ.

‘ಹೀಗೆ ಮಾಡಲು ಅವರಿಗೆ ಕಾನೂನಿನಲ್ಲಿ ಅವಕಾಶವಿದೆಯೇ’ ಎಂದೂ ಒಂದು ಕಡೆ ಕೇಳಿದ್ದೀರಿ. ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಭಾಗ ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪ್ರವೇಶ ನಿರಾಕರಿಸಬಾರದೆನ್ನುತ್ತದೆ, ಆದರೆ ಅದು ಹೇಳುವ ಕಾರಣಗಳು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ. ಮೈತೂಕ ಆ ಪಟ್ಟಿಯಲ್ಲಿ ಇಲ್ಲ. ಅಮೆರಿಕದ ಮಿಷಿಗನ್ ರಾಜ್ಯ 1976ರಷ್ಟು ಹಿಂದೆಯೇ ಉದ್ಯೋಗದ ಮಟ್ಟಿಗೆ ತೂಕದ ತಾರತಮ್ಯವನ್ನು ನಿಷೇಧಿಸಿತು, ನ್ಯೂಯಾರ್ಕ್ ನಗರ 2023ರಲ್ಲಿ ಅದನ್ನು ಬಾಡಿಗೆ ಮನೆಗಳಿಗೂ ಸಾರ್ವಜನಿಕ ಸ್ಥಳಗಳಿಗೂ ಅನ್ವಯಿಸಿತು. ನಮ್ಮಲ್ಲಿ ಅಂಥದ್ದಿಲ್ಲವಾದ್ದರಿಂದ ನಿಮ್ಮನ್ನು ಕಾಯುವುದು ನೀವು ಬರೆಸಿಕೊಂಡ ಕರಾರು ಒಂದೇ. ನೀವಿಬ್ಬರೂ ಎರಡು ವರ್ಷದಿಂದ ಬಾಯಿಮಾತಿನಲ್ಲೂ ವಾಟ್ಸಾಪ್ ಸಂದೇಶಗಳಲ್ಲೂ ವ್ಯವಹಾರ ನಡೆಸಿದ್ದೀರಿ. ಗಂಡ ಹೆಂಡತಿಯೇ ಆದರೂ ದುಡ್ಡಿನ ಮಾತನ್ನು ಕಾಗದದ ಮೇಲೆ ಬರೆದು ಸಹಿ ಹಾಕಬೇಕೆಂದು ನಾನು ಹೇಳಿದಾಗಲೆಲ್ಲ ಓದುಗರು ನಗುತ್ತಾರೆ, ನಗಲಿ.

ಗಂಡಸರ ಪ್ರಶ್ನೆಗೆ ಉತ್ತರ ನೀವೆಣಿಸಿದಷ್ಟು ಕಷ್ಟದ್ದಲ್ಲ. ಇದು ನಿಮ್ಮೊಬ್ಬರ ತೊಡಕೂ ಅಲ್ಲ, ದಪ್ಪ ಮೈಯವರ ಕೂಟಗಳು ಎಲ್ಲಿ ನಡೆದರೂ ಹೀಗೆ ನೋಡಲು ಬರುವವರ ತೊಡಕು ಇದ್ದದ್ದೇ. ಆದರೆ ಹಾಗೆ ಬರುವವರೆಲ್ಲ ಕೆಟ್ಟವರೆಂದು ನಾನು ಹೇಳಲಾರೆ. ಅಮೆರಿಕದಲ್ಲಿ ದಪ್ಪಗಿನವರ ಹಕ್ಕುಗಳಿಗಾಗಿ 1969ರಲ್ಲಿ ಮೊದಲ ರಾಷ್ಟ್ರೀಯ ಸಂಘ ಕಟ್ಟಿದ ಬಿಲ್ ಫ್ಯಾಬ್ರಿ ಸ್ವತಃ ದಪ್ಪಗಿದ್ದವರಲ್ಲ; ತಮ್ಮ ದಪ್ಪಗಿನ ಹೆಂಡತಿಯನ್ನು ಜನ ನಡೆಸಿಕೊಳ್ಳುತ್ತಿದ್ದ ರೀತಿ ನೋಡಿ ಕೆರಳಿದ ಎಂಜಿನಿಯರ್ ಅವರು. ವ್ಯತ್ಯಾಸವಿರುವುದು ಒಬ್ಬಾಕೆಯ ಜೊತೆ ಬಂದವನಿಗೂ, ಎಂಬತ್ತು ಮಂದಿಯನ್ನು ನೋಡಲು ದುಡ್ಡು ಕೊಟ್ಟವನಿಗೂ. ಆದ್ದರಿಂದ ಸದಸ್ಯೆಯೊಬ್ಬರು ತಮ್ಮ ಹೆಸರು ಕೊಟ್ಟು ಕರೆತಂದ ಗಂಡಸು ಬರಲಿ, ಒಂಟಿ ಗಂಡಸಿಗೆ ಟಿಕೆಟ್ ಬೇಡ. ಬೆಂಗಳೂರಿನ ಎಷ್ಟೋ ಪಬ್ಬುಗಳೇ ವಾರದ ಕೊನೆಯಲ್ಲಿ ಒಂಟಿ ಗಂಡಸರನ್ನು ಬಾಗಿಲಲ್ಲೇ ತಡೆಯುವಾಗ ನೀವೇಕೆ ಅಳುಕಬೇಕು? ದಪ್ಪಗಿನ ಗಂಡಸರೂ ನಿಮ್ಮ ಅತಿಥಿಗಳೇ ಎಂಬುದನ್ನು ಮಾತ್ರ ಮರೆಯಬೇಡಿ, ಅವರಿಗೆ ಈ ನಿಯಮ ಅಡ್ಡ ಬರದಿರಲಿ. ನಿಮ್ಮ ಪತ್ರದ ಆರು ಪುಟಗಳಲ್ಲಿ ಅವರ ಪ್ರಸ್ತಾಪವೇ ಇಲ್ಲ.

ಪ್ರವೇಶದ ಕಾಗದದ ಕೈಪಟ್ಟಿ ಸಾಲದೆ ಎರಡನ್ನು ಸೇರಿಸಿ ಸ್ಟೇಪ್ಲರ್ ಪಿನ್ ಹೊಡೆಯುತ್ತಿದ್ದೇವೆ, ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ ಎಂದಿದ್ದೀರಿ. ದಪ್ಪ ಮೈಯವರಿಗಾಗಿಯೇ ಕರೆದ ಕೂಟದ ಹೊಸ್ತಿಲಲ್ಲಿ ‘ನಿಮಗೆ ಒಂದು ಸಾಲದು’ ಎಂದು ಪಿನ್ ಹೊಡೆದು ಹೇಳುವುದು ನಗುವ ವಿಷಯವಲ್ಲ. ಕೈಯ ಮೇಲೆ ಒಂದು ರಬ್ಬರ್ ಮುದ್ರೆ ಒತ್ತಿದರೆ ಮುಗಿಯಿತು.

ಹತ್ತು ಸಲಹೆ ಕೊಟ್ಟರೆ ನೀವು ಅವುಗಳಲ್ಲಿ ಸುಲಭವಾದದ್ದನ್ನು ಮಾತ್ರ ಮಾಡುತ್ತೀರೆಂಬ ಗುಮಾನಿ ನನಗಿರುವುದರಿಂದ ಒಂದನ್ನೇ ಹೇಳುತ್ತೇನೆ: ಮುಂಬಾಗಿಲಿನಿಂದ ಪ್ರವೇಶ, ಕೆಳಗಿನ ಹಾಲ್, ಕೈಗಳಿಲ್ಲದ ಗಟ್ಟಿ ಕುರ್ಚಿ, ಈ ಮೂರನ್ನು ಪಬ್ಬಿನವರು ಬರಹದಲ್ಲಿ ಕೊಡುವವರೆಗೆ ಮುಂದಿನ ಕೂಟ ನಡೆಸಬೇಡಿ. ಆ 8,000ವನ್ನು ನೀವೇ ಮರಳಿ ಸೇರಿಸಿ ಕೊಡಿ, ಚೌಕಾಸಿಗೆ ಇಳಿಯಬೇಡಿ. ಮಾತಿಗೆ ನೀವೇ ಹೋಗಿ, ಗೆಳೆಯನನ್ನು ಕಳಿಸಬೇಡಿ. ಹೋದಾಗ ಅಲ್ಲಿನ ಒಂದೊಂದು ಕುರ್ಚಿಯಲ್ಲೂ ಕುಳಿತು ನೋಡಿ. ನೆಲಕ್ಕೆ ಬಿಗಿದ ಎತ್ತರದ ಸ್ಟೂಲುಗಳೇ ಇದ್ದರೆ ಶಾಮಿಯಾನದವರಿಂದ ಕೈಯಿಲ್ಲದ, ಕಬ್ಬಿಣದ ಚೌಕಟ್ಟಿನ ಮೆತ್ತೆ ಕುರ್ಚಿಗಳನ್ನು ಆ ರಾತ್ರಿಗೆ ತರಿಸಿಕೊಳ್ಳಲು ಒಪ್ಪಿಗೆ ಬರೆಸಿಕೊಳ್ಳಿ.

ಅವರು ಒಪ್ಪದಿದ್ದರೆ ನೆಲಮಹಡಿಯಲ್ಲಿ ಮುಚ್ಚಿದ ಹಾಲಿರುವ ಬೇರೆ ಜಾಗ ಹುಡುಕಿ. ಮದ್ಯ ಬೇಕೇ ಬೇಕೆಂದಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಎಂಬ ಸಾಂದರ್ಭಿಕ ಸನ್ನದು ಪಡೆಯುವ ದಾರಿಯಿದೆ, ಆಗ ಈ ಕನಿಷ್ಠ 60,000ದ ವ್ಯಾಪಾರದ ಕತ್ತಿಯೂ ತಲೆಯ ಮೇಲಿರುವುದಿಲ್ಲ. ಕೂಟವನ್ನು ರದ್ದು ಮಾಡುವುದಾದರೆ ಹತ್ತು ದಿನ ಮೊದಲೇ ತಿಳಿಸಬೇಕೆಂದು ಪಬ್ಬಿನವರು ಹೇಳಿದ್ದಾರೆಂದು ಬರೆದಿದ್ದೀರಿ. ನಿಮ್ಮ ಮುಂದಿನ ಗುರುವಾರಕ್ಕೆ ಇನ್ನು ಉಳಿದಿರುವುದು ಹದಿಮೂರು ದಿನ. ಇದನ್ನು ಓದಿದ ದಿನವೇ ಹೋಗಿ, ಹಿಂದಿನ ಮೆಟ್ಟಿಲಿನ ಒಂದು ಫೋಟೋ ತೆಗೆದುಕೊಂಡು, ಮುಂಬಾಗಿಲಿನಿಂದ ಒಳಗೆ ನಡೆಯಿರಿ.