ರಾಜೀನಾಮೆ ಆಮೇಲೆ, ಮೊದಲು ಲಾಗ್‌ಬುಕ್

ಈ ಸಲ ಬಂದ ಕಾಗದಗಳಲ್ಲಿ ಮೂರು ವಿಮಾನದ ಕೆಲಸದ ಬಗ್ಗೆಯೇ ಇದ್ದವು. ಮೂವರೂ ನಮ್ಮ ಹಾಸನ ಜಿಲ್ಲೆಯವರು. ನಾನೂ 30 ವರ್ಷ ವಿಮಾನ ರಿಪೇರಿ ಮಾಡುವ ಹ್ಯಾಂಗರಿನ ಎಣ್ಣೆ ಜಿಡ್ಡು ಮೆತ್ತಿಕೊಂಡವನಾದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನನಗೆ 34 ವರ್ಷ. ಊರು ಸಕಲೇಶಪುರದ ಹತ್ತಿರ. ವಿಮಾನ ರಿಪೇರಿ ಎಂಜಿನಿಯರಿನ ಬಿ1.1 ಲೈಸೆನ್ಸ್ ಇದೆ, ಏರ್‌ಬಸ್ ಎ320 ಮಾದರಿಯ ಮೇಲೆ ಕೆಲಸ ಮಾಡುವ ಅರ್ಹತೆ, ಅಂದರೆ ಟೈಪ್ ರೇಟಿಂಗ್ ಇದೆ. ಬೆಂಗಳೂರಿನಲ್ಲಿ ಒಂದೇ ಏರ್‌ಲೈನ್‌ನಲ್ಲಿ 9 ವರ್ಷದಿಂದ ಇದ್ದೇನೆ. ಈಗ ನಮ್ಮ ಅರ್ಧ ವಿಮಾನಗಳು ನಿಂತಿವೆ. ಎರಡು ತಿಂಗಳ ಸಂಬಳ ಬಾಕಿ. ಎಚ್‌ಆರ್‌ನವರು ಒಬ್ಬೊಬ್ಬರನ್ನೇ ಕರೆದು, ನೀವೇ ರಾಜೀನಾಮೆ ಬರೆದುಕೊಟ್ಟರೆ ರಿಲೀವಿಂಗ್ ಲೆಟರ್ ಬೇಗ ಸಿಗುತ್ತೆ ಅನ್ನುತ್ತಿದ್ದಾರೆ. ಫ್ಲ್ಯಾಟಿನ ಇಎಂಐ ಇದೆ. ಅಪ್ಪನಿಗೆ 4 ಎಕರೆ ರೋಬಸ್ಟಾ ಇದೆ, 'ಈಗ ಕಾಫಿಗೆ ರೇಟಿದೆ, ಬಂದುಬಿಡು ಮಗಾ' ಅನ್ನುತ್ತಾರೆ. ಈ ಫೀಲ್ಡೇ ಬಿಟ್ಟುಬಿಡಲಾ?
— ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಬಿಡುವುದು ಬಿಡದೇ ಇರುವುದು ಆಮೇಲೆ ನೋಡೋಣ. ನಾಳೆ ಡ್ಯೂಟಿಗೆ ಹೋದವರೇ, ಮಾಡಿದ ಕೆಲಸ ಬರೆದಿಡುವ ನಿಮ್ಮ ಲಾಗ್‌ಬುಕ್ ತೆಗೆದು, ಸಹಿ ಆಗದೆ ಉಳಿದಿರುವ ಪುಟಗಳಿಗೆಲ್ಲ ಸಹಿ ಮಾಡಿಸಿಕೊಳ್ಳಿ. ಅನುಭವದ ಸರ್ಟಿಫಿಕೇಟ್, ಟೈಪ್ ಕೋರ್ಸಿನ ಕಾಗದ, ಕಂಪನಿ ಕೊಟ್ಟ ಆಥರೈಸೇಶನ್‌ನ ಪ್ರತಿ, ಟ್ರೈನಿಂಗ್ ರೆಕಾರ್ಡು, ಎಲ್ಲದಕ್ಕೂ ಒಂದೊಂದು ಕಾಪಿ ಮನೆಗೆ ಬರಲಿ. ಕ್ವಾಲಿಟಿ ಮ್ಯಾನೇಜರ್ ಇವತ್ತು ಕುರ್ಚಿಯಲ್ಲಿ ಇದ್ದಾರೆ. ಮುಂದಿನ ತಿಂಗಳು ಅವರೂ ನಿಮ್ಮ ಹಾಗೇ ಕೆಲಸ ಹುಡುಕುತ್ತಿರಬಹುದು. ಬೀಗ ಬಿದ್ದ ಆಫೀಸಿನಿಂದ ಒಂದು ಸಹಿ ತರಿಸುವುದು ಎಷ್ಟು ಕಷ್ಟ ಅಂತ ನನ್ನ ಗೆಳೆಯರೊಬ್ಬರನ್ನು ನೋಡಿ ತಿಳಿದಿದ್ದೇನೆ, ಒಂದು ಕಾಗದಕ್ಕೆ ಎಂಟು ತಿಂಗಳು ಅಲೆದರು ಪಾಪ.

ಇದಕ್ಕೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ಹಿಂದಿನ 2 ವರ್ಷದಲ್ಲಿ ಕನಿಷ್ಠ 6 ತಿಂಗಳು ವಿಮಾನದ ಮೇಲೆ ಕೆಲಸ ಮಾಡಿರಬೇಕು, ಇಲ್ಲದಿದ್ದರೆ ಲೈಸೆನ್ಸ್ ಕೈಯಲ್ಲಿದ್ದರೂ ವಿಮಾನವನ್ನು ಹಾರಲು ಬಿಡುವ ಸಹಿ ಹಾಕುವ ಹಾಗಿಲ್ಲ. ನಿಮಗೆ ಗೊತ್ತಿರುವುದೇ ಇದು. ಆದರೆ ಕೆಲಸ ಹೋಗುವ ಗಾಬರಿಯಲ್ಲಿ ಎಲ್ಲರೂ ಮರೆಯುವುದೂ ಇದನ್ನೇ. ಸಂಬಳ ನಿಂತ ದಿನದಿಂದ ಅಲ್ಲ, ಕೈ ವಿಮಾನದಿಂದ ದೂರವಾದ ದಿನದಿಂದ ದಿನ ಎಣಿಸಿ. ನಿಂತ ವಿಮಾನಕ್ಕೂ ಕೆಲಸ ಇದೆಯಲ್ವಾ, ವೇಗ ಅಳೆಯುವ ಪಿಟಾಟ್ ಟ್ಯೂಬಿಗೆ ಕವರ್ ಹಾಕುವುದು, ಟೈರ್ ತಿರುಗಿಸುವುದು, ಎಂಜಿನ್ ಕಾಪಾಡುವುದು. ಅದನ್ನೂ ಬಿಡದೆ ಬರೆದುಕೊಳ್ಳಿ.

ಈಗ ರಾಜೀನಾಮೆ. ಸುಮ್ನೆ ಬರೆದುಕೊಡಬೇಡಿ. ಗ್ರಾಚ್ಯುಟಿ 5 ವರ್ಷ ದಾಟಿದವರಿಗೆ ರಾಜೀನಾಮೆ ಕೊಟ್ಟರೂ ಬರುತ್ತದೆ, ತೆಗೆದುಹಾಕಿದರೂ ಬರುತ್ತದೆ. ಕೊನೆಯ ಬೇಸಿಕ್ಕು ಡಿಎ ಸೇರಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. ಬೇಸಿಕ್ಕು 60,000 ಅಂತ ಇಟ್ಟುಕೊಂಡರೆ 9 ವರ್ಷಕ್ಕೆ 3 ಲಕ್ಷ 11 ಸಾವಿರ ಚಿಲ್ಲರೆ. ಆದರೆ ಕಂಪನಿಯೇ ಕೆಲಸದಿಂದ ತೆಗೆದರೆ ಕಾರ್ಮಿಕರಿಗೆ ಇನ್ನೊಂದು ಹಣವೂ ಇದೆ: ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸರ್ವಿಸಿಗೆ 15 ದಿನದ ಸಂಬಳ. ನಿಮ್ಮ 9 ವರ್ಷಕ್ಕೆ ಅದು 135 ದಿನದ್ದು. ನೀವಾಗಿ ಬಿಟ್ಟುಹೋದರೆ ಈ ಹಣ ಇಲ್ಲ. ಎಚ್‌ಆರ್‌ನವರ ಪ್ರೀತಿ ಎಲ್ಲಿಂದ ಹುಟ್ಟಿತು ಅಂತ ಈಗ ಅರ್ಥವಾಯಿತಲ್ಲ.

'ನೀವು ಎಂಜಿನಿಯರ್, ಕಾರ್ಮಿಕ ಅಲ್ಲ' ಅಂತ ಅವರು ಹೇಳಬಹುದು. ಕಾನೂನು ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು. ತಾಂತ್ರಿಕ ಕೆಲಸ ಕೈಯಾರೆ ಮಾಡುವವರು ಕಾರ್ಮಿಕರ ಲೆಕ್ಕಕ್ಕೆ ಬರುತ್ತಾರೆ. ಮುಖ್ಯವಾಗಿ ಬೇರೆಯವರ ಮೇಲ್ವಿಚಾರಣೆ ಮಾಡುತ್ತಾ ಜಾಸ್ತಿ ಸಂಬಳ ತೆಗೆದುಕೊಳ್ಳುವವರು ಬರುವುದಿಲ್ಲ. ನೀವು ಯಾವ ಕಡೆ ಅನ್ನುವುದನ್ನು ಕಾರ್ಮಿಕ ಕಾನೂನು ಗೊತ್ತಿರುವ ವಕೀಲರೊಬ್ಬರಿಗೆ ಅಪಾಯಿಂಟ್‌ಮೆಂಟ್ ಆರ್ಡರ್ ತೋರಿಸಿ ಕೇಳಿ. ಅಲ್ಲಿಯವರೆಗೆ, ಎಚ್‌ಆರ್‌ನವರು ಬಾಯಲ್ಲಿ ಹೇಳಿದ್ದನ್ನೆಲ್ಲ ನೀವೇ ಒಂದು ಮೇಲ್ ಬರೆದು 'ಇವತ್ತು ನೀವು ಹೀಗೆ ಹೇಳಿದಿರಿ' ಅಂತ ಕಳಿಸಿ. ಜಗಳ ಬೇಡ. ದಾಖಲೆ ಇದ್ದರೆ ಸಾಕು.

ಕಂಪನಿ ದಿವಾಳಿ ಕೋರ್ಟಿಗೆ ಹೋದರೆ ಬಾಕಿ ಸಂಬಳಕ್ಕೆ ಕ್ಲೈಮ್ ಅರ್ಜಿ ಹಾಕಬೇಕು, ಕೊಟ್ಟ ಗಡುವಿನ ಒಳಗೆ. ಮುಚ್ಚಿ ಆಸ್ತಿ ಮಾರುವ ಹಂತ ಬಂದರೆ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿ, ಅಡಮಾನ ಇಟ್ಟುಕೊಂಡ ಬ್ಯಾಂಕುಗಳ ಜೊತೆಗೆ ಸಮನಾಗಿ ನಿಲ್ಲುತ್ತದೆ. ಉಳಿದ ನೌಕರರದ್ದು 12 ತಿಂಗಳದ್ದು, ಅದೂ ಅವರ ಹಿಂದೆ. ಆ ಹಣ ನಂಬಿ ಇಎಂಐ ಕಟ್ಟುವ ಯೋಚನೆ ಮಾತ್ರ ಬೇಡ. ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದ್ದು 2019ರ ಏಪ್ರಿಲ್‌ನಲ್ಲಿ, ಅದನ್ನು ಮುಚ್ಚಿ ಮಾರಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ನವೆಂಬರ್‌ನಲ್ಲಿ. ಐದೂವರೆ ವರ್ಷ! ಬ್ಯಾಂಕಿಗೆ ನೀವೇ ಈಗಲೇ ಹೋಗಿ, ಕಂತು ತಪ್ಪುವ ಮುಂಚೆ, ಅವಧಿ ಉದ್ದ ಮಾಡಿ ಕಂತು ಇಳಿಸಿ ಅಂತ ಕೇಳಿ. ಕಂತು ತಪ್ಪಿದ ಮೇಲೆ ಹೋದರೆ ಮಾತಿನ ಧಾಟಿಯೇ ಬೇರೆ ಇರುತ್ತದೆ.

ಇನ್ನು ಫೀಲ್ಡ್ ಬಿಡುವ ಮಾತು. 2012ರಲ್ಲಿ ಕಿಂಗ್‌ಫಿಷರ್ ನಿಂತಿತು, 2019ರಲ್ಲಿ ಜೆಟ್, 2023ರ ಮೇನಲ್ಲಿ ಗೋ ಫಸ್ಟ್. ಪ್ರತಿ ಸಲವೂ 'ಇನ್ನು ಮುಗೀತು' ಅಂದವರೇ ಜಾಸ್ತಿ. ಗೋ ಫಸ್ಟ್ ತನ್ನ ಕಷ್ಟಕ್ಕೆ ಕೊಟ್ಟ ಕಾರಣ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ಗಳದ್ದು, ಅಂದರೆ ಎಂಜಿನ್ ಕೆಟ್ಟಿದ್ದಕ್ಕೆ ಎಂಜಿನ್ ರಿಪೇರಿ ಮಾಡುವವರ ಕೆಲಸ ಹೋಯಿತು, ಇದಕ್ಕಿಂತ ವಿಚಿತ್ರ ಇನ್ನೇನಿದೆ ಹೇಳಿ. ಆದರೆ ಅದೇ 2023ರಲ್ಲಿ ಏರ್ ಇಂಡಿಯಾ 470 ವಿಮಾನಕ್ಕೆ, ಇಂಡಿಗೋ 500 ವಿಮಾನಕ್ಕೆ ಆರ್ಡರ್ ಹೇಳಿದವು. ಅವೆಲ್ಲ ನಾಳೆ ಬೆಳಿಗ್ಗೆ ಬಂದಿಳಿಯುವುದಿಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ. ಅದಕ್ಕೇ ನಿಮ್ಮ ಕಷ್ಟ ಕೆಲಸವೇ ಇಲ್ಲ ಅನ್ನುವುದಲ್ಲ, ನಡುವಿನ ಈ ಒಂದೆರಡು ವರ್ಷ ದಾಟುವುದು ಹೇಗೆ ಅನ್ನುವುದು.

ಎ320 ಇದೆ ಅಂದಿರಿ, ಯಾವ ಎಂಜಿನ್ ಅಂತ ಬರೆದಿಲ್ಲ. ಸಿಎಫ್ಎಂ56, ವಿ2500, ಲೀಪ್, ಪಿಡಬ್ಲ್ಯು1100, ಪ್ರತಿ ಎಂಜಿನ್ನಿಗೂ ರೇಟಿಂಗ್ ಬೇರೆ. ಕೈಯಲ್ಲಿ ದುಡ್ಡಿದ್ದರೆ ನಿಮ್ಮ ರೇಟಿಂಗಿಗೆ ಇನ್ನೊಂದು ಎಂಜಿನ್ ಸೇರಿಸಿಕೊಳ್ಳುವುದು ಹೊಸ ಎಂಬಿಎಗಿಂತ ಎಷ್ಟೋ ವಾಸಿ. ಏರ್‌ಲೈನ್ ಬಾಗಿಲನ್ನಷ್ಟೇ ತಟ್ಟಬೇಡಿ. ಹೈದರಾಬಾದ್, ನಾಗಪುರ, ಹೊಸೂರಿನಲ್ಲಿ ರಿಪೇರಿ ಹ್ಯಾಂಗರುಗಳಿವೆ. ಸಂಬಳ ಕಡಿಮೆ ಕೊಡಬಹುದು, ಆರು ತಿಂಗಳ ಕಾಂಟ್ರ್ಯಾಕ್ಟ್ ಅನ್ನಬಹುದು. ಆ ಆರು ತಿಂಗಳೇ ನಿಮ್ಮ ಲೈಸೆನ್ಸಿಗೆ ಬೇಕಾದ ಆರು ತಿಂಗಳು. ಲೀಸಿನ ವಿಮಾನ ವಾಪಸ್ ಕೊಡುವಾಗ ಅದರ ಹಳೇ ದಾಖಲೆಗಳನ್ನೆಲ್ಲ ಜೋಡಿಸಿ ಕೊಡುವ ಕೆಲಸವೂ ಇದೆ. ಹ್ಯಾಂಗರಿನವರು ಅದನ್ನು ಗುಮಾಸ್ತಗಿರಿ ಅಂತ ಮೂಗು ಮುರಿಯುತ್ತಾರೆ, ನಾನೂ ಮುರಿದವನೇ, ತಪ್ಪು ಮಾಡಿದೆ. ಗಲ್ಫಿಗೆ ಅಂತ ಏಜೆಂಟರಿಗೆ ಹಣ ಕಟ್ಟುವ ಮುಂಚೆ ಆ ಕಂಪನಿ ನಮ್ಮ ಲೈಸೆನ್ಸ್ ಒಪ್ಪುತ್ತದೋ, ಯುರೋಪಿನ ಈಸಾ ಲೈಸೆನ್ಸ್ ಕೇಳುತ್ತದೋ ನೋಡಿಕೊಳ್ಳಿ.

ಕಾಫಿ ವಿಷಯಕ್ಕೆ ಅಪ್ಪನ ಮೇಲೆ ಕೋಪ ಮಾಡಿಕೊಳ್ಳಬೇಡಿ, ಮಗ ಮನೆಗೆ ಬರಲಿ ಅಂತ ಅವರ ಆಸೆ. ಆದರೆ 4 ಎಕರೆ ರೋಬಸ್ಟಾ ಊರಿನ ಮನೆ ನಡೆಸುತ್ತದೆ, ಬೆಂಗಳೂರಿನ ಫ್ಲ್ಯಾಟ್ ನಡೆಸುವುದಿಲ್ಲ. ಈ ರೇಟು ಇದ್ದ ಹಾಗೇ ಇರುತ್ತದೆ ಅಂತ ನಿಮ್ಮ ಕಡೆಯ ಯಾವ ಹಳೇ ಬೆಳೆಗಾರರೂ ಹೇಳುವುದಿಲ್ಲ, ಕೇಳಿ ನೋಡಿ. ಮೇಲೆ ಆಳಿನ ಕಷ್ಟ, ರಾತ್ರಿ ತೋಟಕ್ಕೆ ನುಗ್ಗುವ ಆನೆ. ಕುಯ್ಲಿನ ಎರಡು ತಿಂಗಳು ಹೋಗಿ ನಿಂತು ಬನ್ನಿ, ಅಪ್ಪನಿಗೂ ಸಮಾಧಾನ, ನಿಮ್ಮ ತಲೆಗೂ ಗಾಳಿ. ಆದರೆ ವಾಪಸ್ ಬರುವ ತಾರೀಖು ಹೋಗುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ಮಗ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದಾನೆ. ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಕೋರ್ಸಿಗೆ ಸೇರಿಸಿ, ಎರಡು ವರ್ಷಕ್ಕೆ ಲೈಸೆನ್ಸ್, ಕೆಲಸ ಗ್ಯಾರಂಟಿ ಅಂತ ಒಬ್ಬರು ಬಂದು ಹೇಳಿದರು. ಟಿವಿಯಲ್ಲಿ ನೋಡಿದರೆ ಇದ್ದವರನ್ನೇ ತೆಗೆಯುತ್ತಿದ್ದಾರೆ. ಸೇರಿಸಲಾ?
— ಒಬ್ಬ ತಾಯಿ, ಬೇಲೂರು

ಉತ್ತರ: ಗ್ಯಾರಂಟಿ ಅಂದವರನ್ನು ಕಾಫಿ ಕೊಟ್ಟು ಕಳಿಸಿಬಿಡಿ ಅಮ್ಮಾ. ಎರಡು ವರ್ಷಕ್ಕೆ ಕೈಗೆ ಲೈಸೆನ್ಸ್ ಬರುವುದಿಲ್ಲ. ಡಿಜಿಸಿಎ ಒಪ್ಪಿದ ಶಾಲೆಯಲ್ಲಿ ಕೋರ್ಸ್ ಮುಗಿಸಿದ ಮೇಲೂ ಬಿ1.1 (ಎಂಜಿನ್, ಯಾಂತ್ರಿಕ ಭಾಗ) ಅಥವಾ ಬಿ2 (ಎಲೆಕ್ಟ್ರಾನಿಕ್ ಭಾಗ) ಲೈಸೆನ್ಸಿಗೆ ಹಾರುವ ವಿಮಾನಗಳ ಮೇಲೆ 2 ವರ್ಷದ ಅನುಭವ ಬೇಕು, ಮಾಡ್ಯೂಲ್ ಪರೀಕ್ಷೆಗಳಲ್ಲಿ ಪಾಸಾಗಲು 100ಕ್ಕೆ 75 ಬೇಕು. ಆಮೇಲೆ ಟೈಪ್ ರೇಟಿಂಗ್, ಅದಕ್ಕೆ ಬೇರೆ ಖರ್ಚು. ಬ್ರೋಷರ್‌ನಲ್ಲಿ ಇದ್ಯಾವುದೂ ಇರುವುದಿಲ್ಲ. ಶಾಲೆಗೆ ಒಪ್ಪಿಗೆ ಇದೆಯಾ, ಯಾವ ವಿಭಾಗಕ್ಕೆ ಇದೆ ಅಂತ ಡಿಜಿಸಿಎ ವೆಬ್‌ಸೈಟಿನಲ್ಲೇ ನೋಡಿ. ಹೋದ ಎರಡು ಬ್ಯಾಚಿನ ಹುಡುಗರ ನಂಬರ್ ಕೇಳಿ. ಕೊಡದಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಇನ್ನೊಂದು ನಿಮ್ಮ ಮಗನನ್ನೇ ಕೇಳಿ. ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ಚಕ್ರದ ಕೆಳಗೆ ಟಾರ್ಚ್ ಹಿಡಿದು ಮಲಗುವ ಕೆಲಸ ಇದು. ಸ್ಕೂಟರ್ ಬಿಚ್ಚಿ ಜೋಡಿಸುವ ಹುಡುಗನಾದರೆ ಸೇರಿಸಿ, ಅವನು ಕೋರ್ಸ್ ಮುಗಿಸಿ ಅನುಭವ ಗಳಿಸಿ ಹೊರಗೆ ಬರುವ ಹೊತ್ತಿಗೆ ಇವತ್ತಿನ ಸುದ್ದಿ ಹಳೆಯದಾಗಿರುತ್ತದೆ. ಏರ್‌ಪೋರ್ಟಿನ ಎಸಿ ನೋಡಿ ಆಸೆಪಟ್ಟಿದ್ದರೆ ಬೇಡ. ಸಾಲಕ್ಕೆ ಜಮೀನು ಮಾತ್ರ ಇಡಬೇಡಿ.

ಪ್ರಶ್ನೆ: ನಮ್ಮ ಬೂವನಹಳ್ಳಿ ವಿಮಾನ ನಿಲ್ದಾಣ ಶುರುವಾದರೆ ಇಲ್ಲೇ ಮೇಂಟೆನೆನ್ಸ್ ಕೆಲಸ ಸಿಗುತ್ತದಾ? ಕಾಯಬಹುದಾ?
— ಓದುಗ, ಹಾಸನ

ಉತ್ತರ: ಕಾಯುವುದರಲ್ಲಿ ನಮ್ಮ ಜಿಲ್ಲೆಯವರನ್ನು ಮೀರಿಸುವವರಿಲ್ಲ ಬಿಡಿ. ಶುರುವಾಯಿತು ಅಂತಲೇ ಇಟ್ಟುಕೊಳ್ಳಿ. ಸಣ್ಣ ಊರಿಗೆ ಬರುವುದು ಎಟಿಆರ್‌ನಂಥ ಸಣ್ಣ ವಿಮಾನ. ಬಂದು, ಜನ ಇಳಿಸಿ, ಹತ್ತಿಸಿಕೊಂಡು ಅರ್ಧ ಗಂಟೆಯಲ್ಲಿ ಹೊರಡುತ್ತದೆ. ಅಷ್ಟಕ್ಕೆ ನೋಡಲು ಒಬ್ಬರೋ ಇಬ್ಬರೋ ಸಾಕು. ದೊಡ್ಡ ರಿಪೇರಿ ರಾತ್ರಿ ವಿಮಾನ ತಂಗುವ ಊರಿನಲ್ಲಿ, ಹ್ಯಾಂಗರ್ ಇರುವ ಕಡೆ ನಡೆಯುತ್ತದೆ. ನಿಮ್ಮ ಹತ್ತಿರ ಲೈಸೆನ್ಸ್ ಇದ್ದರೆ ಬೆಂಗಳೂರಿನ ರೈಲು ಹತ್ತಿ. ಬೂವನಹಳ್ಳಿಯಲ್ಲಿ ಮೊದಲ ವಿಮಾನ ಇಳಿಯುವ ದಿನ ಗೊತ್ತಾದರೆ ನನಗೂ ಒಂದು ಕಾರ್ಡು ಹಾಕಿ, ಬೇಲಿ ಹತ್ತಿರ ನಿಂತು ನೋಡಲು ಬರುತ್ತೇನೆ.